ನೀಲವ್ವನ ರಂಜಕ

ನೀಲವ್ವನ ಖಾನಾವಳಿಯಲ್ಲಿ ನೀರಿಗಿಂತ ಮೊದಲು ರಂಜಕ ಬರುತ್ತಿತ್ತು. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಖಾರ, ತಾಟಿನ ಮೂಲೆಗೆ ಒಂದು ಉಂಡೆ. ಅದನ್ನು ಬಡಿಸಿ ಆಕೆ ಹೋಗುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಮ್ಮ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ನೆಕ್ಕಿ ‘ಛಲೋ ಐತಿ’ ಎಂದರೆ ರೊಟ್ಟಿ ಬರುತ್ತಿತ್ತು. ಬದಿಗೆ ಸರಿಸಿದರೆ ವಿಚಾರಣೆ ಶುರುವಾಗುತ್ತಿತ್ತು.

ನಾನು ಯಲಬುರ್ಗಾದಿಂದ ಕುಷ್ಟಗಿಗೆ ವರ್ಗವಾಗಿ ಬಂದ ಮೇಷ್ಟ್ರು. ಅಡುಗೆ ಬಾರದು, ಹಸಿವು ಬಿಡದು. ಹೀಗಾಗಿ ಬಸ್ ನಿಲ್ದಾಣದ ಹಿಂದಿದ್ದ ಆ ಖಾನಾವಳಿಯ ಖಾಯಂ ಗಿರಾಕಿಯಾದೆ. ಒಂದು ಮಧ್ಯಾಹ್ನ, ಕಾರಟಗಿಯಿಂದ ಅಕ್ಕಿ ಲಾರಿ ತರುತ್ತಿದ್ದ ಮೌಲಾ ತನ್ನ ತಾಟಿನ ರಂಜಕವನ್ನು ಬೆರಳಿನಿಂದ ಮೆಲ್ಲಗೆ ದೂಡಿದ. ಬಾಯಿ ಉರಿಯುತ್ತದೆ ಎಂದು ಸಬೂಬು ಹೇಳಿದ.

“ಈ ಕಡಿ ಮಂದಿಗೆ ರಂಜಕ ಉರಿಯಂಗಿಲ್ಲಪಾ. ಗುಟಕಾ ತಿಂದ ಬಾಯಿಗೆ ಉರಿತೈತಿ. ಆ ಮಾಡು,” ಎಂದಳು ನೀಲವ್ವ.

ಆರಡಿ ಆಳು ಎಲ್ಲರೆದುರು ‘ಆ’ ಮಾಡಿದ. ಅರ್ಧವೂ ತೆರೆಯದ ಆ ಬಾಯಿಗೆ ಒಂದು ಮಿರ್ಚಿ ಭಜಿ ಕೂಡ ಹೋಗುವಂತಿರಲಿಲ್ಲ. ನೀಲವ್ವ ಬಯ್ಯಲಿಲ್ಲ. ಅನ್ನಕ್ಕೆ ಮೊಸರು ಕಲಸಿ ಕೊಟ್ಟಳು, ಉಂಡ ಮೇಲೆ ಕೊಪ್ಪಳದ ಡಾಕ್ಟರ ಹತ್ತಿರ ಹೋಗುವುದಾಗಿ ಆಣೆ ಮಾಡಿಸಿಕೊಂಡು ಬಿಟ್ಟಳು.

ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದೆ. ಆಕೆಯ ಗಂಡನೂ ಗುಟಕಾದವನೇ, ಬಾಯಿಯ ಕ್ಯಾನ್ಸರಿನಲ್ಲಿ ತೀರಿಕೊಂಡವನು. ಆತ ‘ಖಾರ, ಖಾರ’ ಎನ್ನತೊಡಗಿದಾಗ ಆಕೆ ತನ್ನ ಕೈಯನ್ನೇ ದೂರಿಕೊಂಡಿದ್ದಳು. “ನಾ ಮೆಣಸಿನಕಾಯಿ ಕಡಿಮಿ ಮಾಡಕೋಂತ ಹೋದ್ನಿ ಮಾಸ್ತರ, ಅಕಡಿ ಬ್ಯಾನಿ ಹೆಚ್ಚ ಆಕ್ಕೋಂತ ಹೋತು,” ಎಂದಳು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂಬುದೊಂದೇ ಆಕೆಯ ಹಟ.

ಮೌಲಾನ ‘ಆ’ ನೋಡಿದ ಮೇಲೆ ಇದನ್ನು ಮೊಬೈಲಿನಲ್ಲಿ ಹಾಕಬೇಕೆಂದು ನನ್ನ ಬೆನ್ನು ಹತ್ತಿದಳು. ನಾನು ಮೇಷ್ಟ್ರ ಬುದ್ಧಿ ತೋರಿಸಿ, ತಂಬಾಕು ಆರೋಗ್ಯಕ್ಕೆ ಹಾನಿಕರ ಎಂದು ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಅದು ಗುಟಕಾ ಚೀಟಿಯ ಮೇಲೇ ಇರುತ್ತದೆ, ಅದನ್ನು ಹರಿದುಕೊಂಡೇ ತಿನ್ನುತ್ತಾರೆ ಎಂದು ನಕ್ಕಳು. ಮೊದಲ ವಿಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವಳಂತೆ ಸೆಟೆದು ನಿಂತು, ಹನುಮಸಾಗರದವರೆಗೂ ಕೇಳಿಸಲಿ ಎಂಬಂತೆ ಕೂಗಿದಳು: “ರಂಜಕ ನೆಕ್ಕ್ರಿ, ಉರಿದ್ರ ಕನ್ನಡಿ ಮುಂದ ಆ ಮಾಡ್ರಿ, ತೆರಿಲಿಲ್ಲಂದ್ರ ದವಾಖಾನಿಗೆ ನಡೀರಿ.” ಅಷ್ಟೇ ಭಾಷಣ.

ಅದು ಓಡಿತು. ಗಂಗಾವತಿಯ ಕಾಲೇಜು ಹುಡುಗರು, ಕುಕನೂರಿನ ಅಂಗಡಿಕಾರರು ರಂಜಕ ನೆಕ್ಕಿ ‘ಆ’ ಮಾಡಿದ ವಿಡಿಯೋ ಕಳಿಸತೊಡಗಿದರು. ನೀಲವ್ವ ಕನ್ನಡಕ ಏರಿಸಿ ಪ್ರತಿಯೊಂದು ಬಾಯಿಯನ್ನೂ ಪರೀಕ್ಷಿಸುತ್ತಿದ್ದಳು. ದಿನಕ್ಕೊಂದು ಹೊಸದು ಬೇಕೆಂದು ನನ್ನನ್ನು ಕಾಡುತ್ತಿದ್ದಳು. “ಸ್ಟೇಟಸ್ ಅಂದ್ರ ಪಲ್ಯಾ ಇದ್ದಂಗ ಮಾಸ್ತರ. ನಿನ್ನೀದು ಹಳಸತೈತಿ.”

ಹೀಗಿರುವಾಗ ಒಂದು ಹುಡುಗಿ ವಿಡಿಯೋದ ಕೆಳಗೆ, ‘ಅವ್ವಾ, ನಿಮ್ಮ ಹಲ್ಲು ಯಾಕ ಕರ್ರಗ ಅದಾವು?’ ಎಂದು ಬರೆದಳು. ಓದಿ ಹೇಳಿದೆ. ನೀಲವ್ವ ನಾಚಿಕೆಯಿಲ್ಲದೆ, ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕುತ್ತೇನೆ, ತವರುಮನೆಯ ರೂಢಿ ಎಂದಳು. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ನಾನು ಬಾಯಿ ತೆರೆದವನು ಮುಚ್ಚಲಿಲ್ಲ.

“ಹಂಗ್ಯಾಕ ನೋಡ್ತೀರಿ? ತಿಂದ್ರ ಚಟ, ತಿಕ್ಕಿದ್ರ ಔಷಧ,” ಎಂದಳು. ಬೆಳಿಗ್ಗೆ ತಿಕ್ಕದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ತಲೆ ಸಿಡಿಯುತ್ತದೆ, ಸೊಸೆಯ ಮೇಲೆ ಸಿಟ್ಟು ಬರುತ್ತದೆ ಎಂದು ಹೇಳಹೊರಟವಳು ಅರ್ಧಕ್ಕೇ ನಿಂತಳು. ರೊಟ್ಟಿ ಬಡಿಯುತ್ತಿದ್ದ ಸೊಸೆ ಸುಜಾತಾ ಕೂಡ ಕೈ ನಿಲ್ಲಿಸಿ ನೋಡಿದಳು.

ಮರುದಿನದ ವಿಡಿಯೋದಲ್ಲಿ ನೀಲವ್ವ ಮಿಶ್ರಿ ಡಬ್ಬಿಯನ್ನು ಒಲೆಗೆ ಸುರಿದು, ತಾನೂ ತಂಬಾಕಿನವಳೇ ಎಂದು ಮಂದಿಯೆದುರು ಒಪ್ಪಿಕೊಂಡಳು. ಆ ವಾರ ಖಾನಾವಳಿಯಲ್ಲಿ ಉಂಡವರನ್ನು ದೇವರೇ ಕಾಪಾಡಿದ. ಸಾರಿಗೆ ಉಪ್ಪಿಲ್ಲ, ಕೇಳಿದರೆ ಬೈಗುಳಕ್ಕೆ ಕೊರತೆಯಿಲ್ಲ. ಸುಜಾತಾ ಮಾತ್ರ ಅತ್ತೆಯ ಬೈಗುಳವನ್ನು ಜ್ವರದವರ ಬಡಬಡಿಕೆಯಂತೆ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನೀಲವ್ವ ಮತ್ತೆ ಡಬ್ಬಿ ಮುಟ್ಟಲಿಲ್ಲ. ಆಕೆಯನ್ನು ನೋಡಿ ಎಷ್ಟೋ ಹೆಂಗಸರು, ಅದೂ ತಂಬಾಕೇ ಏನ್ರಿ ಅವ್ವಾ ಎಂದು ಕೇಳಿದ್ದನ್ನು ನಾನೇ ಓದಿ ಹೇಳಿದ್ದೇನೆ.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ಒಂದು ರಜೆಯಲ್ಲಿ ಹೋದಾಗ ನೀಲವ್ವ ಮೊದಲ ಬಾರಿಗೆ ನನ್ನೆದುರು ಊಟಕ್ಕೆ ಕೂತಳು. ನನ್ನ ತಾಟಿಗೆ ರಂಜಕ ಬಂತು. ಆಕೆಯ ತಾಟಿನಲ್ಲಿ ಮೊಸರನ್ನ ಮಾತ್ರ ಇತ್ತು. ನಾನು ನೋಡಿದ್ದನ್ನು ಆಕೆಯೂ ನೋಡಿದಳು. ಮಿಶ್ರಿ ಬಿಟ್ಟರೂ ಅದು ತನ್ನ ಲೆಕ್ಕ ಬಿಟ್ಟಿರಲಿಲ್ಲ.

“ಮೊಬೈಲ್ ತಗೀರಿ ಮಾಸ್ತರ. ಇದನ್ನೂ ಹಾಕ್ರಿ, ನೋಡ್ಲಿ ಮಂದಿ,” ಎಂದು ‘ಆ’ ಮಾಡಿದಳು. ಅರ್ಧಕ್ಕೇ ನಿಂತ ಆ ಬಾಯಿಯ ವಿಡಿಯೋ ತೆಗೆದೆ. ಹಾಗೆಯೇ ಹಾಕಿದೆ. ಅದೇ ಕೊನೆಯ ಭೇಟಿಯಾಯಿತು.

ಆಕೆ ತೀರಿಕೊಂಡ ಮೇಲೆ ಖಾನಾವಳಿಯನ್ನು ಸುಜಾತಾ ನಡೆಸುತ್ತಿದ್ದಾಳೆ. ಮೊನ್ನೆ ಹೋಗಿದ್ದೆ. ಈಗಲೂ ನೀರಿಗಿಂತ ಮೊದಲು ರಂಜಕವೇ ಬರುತ್ತದೆ. ಅದೇ ಕೈರುಚಿ. ನೆಕ್ಕಿದೆ, ಕಣ್ಣು ತುಂಬಿ ಬಂತು, ‘ಛಲೋ ಐತಿ’ ಎನ್ನಲು ಬಾಯಿ ಬರಲಿಲ್ಲ. ಸುಜಾತಾ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡಿದಳು.

“ಆ ಮಾಡ್ರಿ ಸರ,” ಎಂದಳು.

ಮಾಡಿದೆ.