ಹಿಂಗೈಗೆ ತಾಗಿದ ಬಿಸಿ

ತಮ್ಮನ ಮೊಣಕಾಲು ಬೆಚ್ಚಗಿದೆ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ತಣ್ಣಗಿದೆ ಎಂದೆ.

ಒಂದೇ ಮಾತು. ಅದರ ಹಿಂದೆ ಎಕ್ಸ್‌ರೇ ಬಂತು, ಪ್ಲಾಸ್ಟರ್ ಬಂತು, ಇಂಜೆಕ್ಷನ್ ಬಂತು. ಒಂದು ವರ್ಷಕ್ಕೂ ಹೆಚ್ಚು ಹೋಯಿತು. ಎಲ್ಲ ಮುಗಿದು ಇನ್ನೂ ತಿಂಗಳಾಗಿಲ್ಲ. ಮರೆಯುವ ಮೊದಲು ಬರೆಯುತ್ತಿದ್ದೇನೆ.

ನಾನು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರಸಿಯ ಗಣಿಯಲ್ಲಿ ಕಲ್ಲು ಕೆಲಸ ಮಾಡುವವನು. ಉರ್ದು ಶಾಲೆಯಲ್ಲಿ ಮೂರು ವರ್ಷ ಕುಳಿತೆ. ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಕಲ್ಲಿನ ಮೇಲೆ ಸತ್ತವರ ಹೆಸರು ಕೆತ್ತುತ್ತಾ. ಅಪ್ಪ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ, ತಮ್ಮ ಚನ್ನಬಸಪ್ಪನಿಗೆ ಏಳು. ಒಬ್ಬ ದುಡಿಯಲಿ, ಒಬ್ಬ ಓದಲಿ ಎಂದಳು ಅವ್ವ. ಯಾರಿಗೆ ಯಾವುದು ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ವಾಡಿ ಸ್ಟೇಷನ್ನಿನಲ್ಲಿ ಫರಸಿ ಹಾಸುವ ಕೆಲಸಕ್ಕೆ ಹೋಗಿದ್ದೆ. ತಮ್ಮ ಬುತ್ತಿ ತಂದಿದ್ದ. ಪಕ್ಕದ ಬಯಲಿನಲ್ಲಿ ರೈಲ್ವೆಯ ಸಾಹೇಬರೊಬ್ಬರು ಎರಡು ಕಂಬ ನೆಟ್ಟು, ರಿಂಗ್ ಹಾಕಿಸಿ, ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ನಮ್ಮ ಎತ್ತರ ನೋಡಿ ಇಬ್ಬರನ್ನೂ ಕರೆದರು. ನಮ್ಮ ಮನೆತನದಲ್ಲಿ ಎಲ್ಲರೂ ಎತ್ತರ. ಮೊದಲು ಚೆಂಡು ಕೈಗೆ ಬಂದದ್ದು ನನಗೆ. ಎಸೆದೆ. ರಿಂಗಿಗೆ ತಾಗದೆ ಒಳಗೆ ಬಿತ್ತು. ತಮ್ಮನದು ಬೋರ್ಡಿಗೂ ಮುಟ್ಟಲಿಲ್ಲ.

ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಯಾರು ಎಷ್ಟು ಓದಿದ್ದೀರಿ ಎಂದು. ತಮ್ಮ ಮೆಟ್ರಿಕ್‌ನಲ್ಲಿದ್ದ. ಅವನನ್ನೇ ಆರಿಸಿಕೊಂಡರು.

ಎರಡು ವರ್ಷದಲ್ಲಿ ಅವನು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆದ. ಹೆಸರಿಗೆ ಟಿಕೆಟ್, ನಿಜವಾದ ನೌಕರಿ ಆಟದ್ದು. ಅರ್ಧ ದಿನ ಡ್ಯೂಟಿ, ಉಳಿದ ಹೊತ್ತು ಮೈದಾನ. ಸಿಕಂದರಾಬಾದಿಗೆ ಹೋದ, ಮದ್ರಾಸಿಗೆ ಹೋದ, ಬೊಂಬಾಯಿಗೆ ಹೋದ. ಪೇಪರಿನಲ್ಲಿ ಫೋಟೋ ಬಂದರೆ ಅವ್ವ ಕತ್ತರಿಸಿ ದೇವರ ಜಗಲಿಯ ಮೇಲೆ, ಬಸವಣ್ಣನ ಪಟದ ಮಗ್ಗುಲಿಗೆ ಇಡುತ್ತಿದ್ದಳು. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಕೈ ಮುಗಿಯುವಾಗ ನಾನು ತಮ್ಮನಿಗೂ ಕೈ ಮುಗಿದಂತಾಗುತ್ತಿತ್ತು. ನೆರೆಯವರಿಗೆ ಅವಳು, “ನನ್ನ ಸಣ್ಣ ಮಗ ಬುಟ್ಟಿ ಆಟದಾಗ ಭಾಳ ಮುಂದ ಹೋಗ್ಯಾನ” ಎನ್ನುವಳು. ದೊಡ್ಡ ಮಗನ ಸುದ್ದಿ ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ಗಣಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದ್ ಖಾಸಿಂಸಾಬರು ಚೇಷ್ಟೆ ಮಾಡುತ್ತಿದ್ದರು. “ಏನಪಾ ಶರಣಾ, ನಿನ್ನ ತಮ್ಮ ಚೆಂಡ ಒಗದು ಮದ್ರಾಸ್ ನೋಡಿ ಬಂದ. ನೀ ಇಷ್ಟು ವರ್ಷ ಸುತ್ತಿಗಿ ಒಗದು ಈ ತೆಗ್ಗ ಬಿಟ್ಟು ಏನು ನೋಡಿದಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನ ಮೂರು ಕಲ್ಲು ಒಡೆದುಹೋದವು.

ಕಲ್ಲಿನ ವಿಷಯದಲ್ಲಿ ಮಾತ್ರ ನನಗೆ ಹೆಸರಿತ್ತು. ಸುತ್ತಿಗೆಯಿಂದ ತಟ್ಟಿದರೆ ಒಳಗಿನ ಬಿರುಕು ಹೇಳುತ್ತಿದ್ದೆ. ಕೈ ಇಟ್ಟರೆ ಒಳಗೆ ತೇವ ಇದೆಯೋ ಇಲ್ಲವೋ ಹೇಳುತ್ತಿದ್ದೆ. ಅಂಗೈ ಜಡ್ಡುಗಟ್ಟಿದೆ, ಅದಕ್ಕೇನೂ ತಿಳಿಯುವುದಿಲ್ಲ. ಹಿಂಗೈ ಇಡಬೇಕು. ತಮ್ಮ ಚಿಕ್ಕವನಿದ್ದಾಗ ಜ್ವರ ಬಂದರೆ ಅವ್ವ ನನ್ನನ್ನೇ ಕರೆಯುತ್ತಿದ್ದಳು, “ಶರಣಾ, ಕೈ ಇಟ್ಟು ನೋಡು” ಎಂದು.

ಹೋದ ವರ್ಷ ಬೇಸಿಗೆಯಲ್ಲಿ ತಮ್ಮ ರಜೆಗೆ ಬಂದ. ಅವ್ವ ಹೋಳಿಗೆ ಮಾಡಿದ್ದಳು. ಸಂಜೆ ಕಟ್ಟೆಯ ಮೇಲೆ ಕುಳಿತು ಪ್ಯಾಂಟು ಮೇಲೆ ಮಡಚಿದ. ಬಲ ಮೊಣಕಾಲು ಸ್ವಲ್ಪ ಊದಿತ್ತು.

“ಅಣ್ಣಾ, ಇಲ್ಲಿ ಕೈ ಇಡು. ನನಗ ಬಿಸಿ ಅನಸ್ಲಕತ್ತದ. ಭ್ರಮಿ ಇದ್ರೂ ಇರಬಹುದು.”

“ಪೆಟ್ಟು ಬಿದ್ದದ ಏನು?”

“ಇಲ್ಲ. ಮುಂಜಾನಿ ಬಿಗೀತದ, ಅಷ್ಟೇ. ಮುಂದಿನ ವಾರ ಸಿಕಂದರಾಬಾದಿನಾಗ ಸ್ಟೇಟ್ ಟೀಮಿನ ಸೆಲೆಕ್ಷನ್ ಅದ. ಬಿಸಿ ಅದ ಅಂತ ನೀ ಅಂದ್ರ ಹೋಗಲ್ಲ, ನಾಳೆನೇ ಡಾಕ್ಟರಿಗಿ ತೋರಸ್ತೀನಿ.”

ಎಡ ಮೊಣಕಾಲಿಗೆ ಹಿಂಗೈ ಇಟ್ಟೆ. ತಣ್ಣಗಿತ್ತು. ಬಲಕ್ಕೆ ಇಟ್ಟೆ. ನೆರಳಿನ ಕಲ್ಲಿನ ಮೇಲಿಂದ ಯಾರೋ ಆಗಷ್ಟೇ ಎದ್ದು ಹೋದರೆ ಹೇಗಿರುತ್ತದೋ ಹಾಗಿತ್ತು.

ನನಗೆ ತಿಳಿದಿರಲಿಲ್ಲ ಎನ್ನುವ ಹಾಗಿಲ್ಲ. ಖಾಸಿಂಸಾಬರ ಮಗಳ ಮೊಣಕಾಲೂ ಹೀಗೇ ಪೆಟ್ಟಿಲ್ಲದೆ, ಕೆಂಪಾಗದೆ ಬೆಚ್ಚಗಾಗಿತ್ತು. ಆಗಲೂ ಕೈ ಇಟ್ಟು ನೋಡಿದವನು ನಾನೇ. ಈಗ ಆ ಹುಡುಗಿ ಕೋಲಿಲ್ಲದೆ ನಡೆಯಲಾರಳು.

“ತಣ್ಣಗದ,” ಅಂದೆ.

ಯಾಕೆ ಅಂದೆ ಎಂದು ವರ್ಷವಿಡೀ ನನ್ನನ್ನೇ ಕೇಳಿಕೊಂಡಿದ್ದೇನೆ. ಅವನು ಕುಂಟನಾಗಲಿ ಎಂದು ನಾನು ಬಯಸಲಿಲ್ಲ, ಇದು ಸತ್ಯ. ಆದರೆ ಅಷ್ಟು ಜನರ ಮುಂದೆ ಒಮ್ಮೆ ಅವನ ಕಾಲು ಕೈಕೊಡಲಿ, ಒಮ್ಮೆ ಅವನ ಹೆಸರು ಕರೆಯದೆ ಬೇರೆಯವನ ಹೆಸರು ಕರೆಯಲಿ, ಒಮ್ಮೆ ಅವನೂ ನನ್ನ ಹಾಗೆ ಗೆರೆಯ ಹೊರಗೆ ನಿಂತು ನೋಡಲಿ ಎಂದು ಬಯಸಿದೆ. ಇದೂ ಸತ್ಯ.

“ನಿನ್ನ ಕೈ ಅಂದಮ್ಯಾಲ ಮುಗೀತು,” ಎಂದು ತಮ್ಮ ಪ್ಯಾಂಟು ಇಳಿಸಿಕೊಂಡ.

ಸೆಲೆಕ್ಷನ್ ಆಯಿತು. ಅವನನ್ನು ಆರಿಸಿದರು. ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಮೂರು ತಿಂಗಳು ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿಕೊಂಡು ಆಡಿದ. ಮಳೆಗಾಲ ಮುಗಿಯುವಾಗ ಒಂದು ಆಟದ ನಡುವೆ ನೆಗೆದವನು ಕೆಳಗೆ ಬಂದು ಮತ್ತೆ ಏಳಲಿಲ್ಲ. ಮನೆಗೆ ಕರೆತಂದಾಗ ಮೊಣಕಾಲು ತೊಡೆಗಿಂತ ದಪ್ಪವಾಗಿತ್ತು.

ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. “ನೋಡು, ಒಂದೀಟೂ ಘಾಟಿಲ್ಲ. ಯಾವ ಹೊಟ್ಟಿಕಿಚ್ಚಿನವರ ಕಣ್ಣ ಬಿತ್ತೋ ನನ್ನ ಕೂಸಿಗಿ!” ನಾನು ಒಲೆಯ ಮುಂದೆಯೇ ಕುಳಿತಿದ್ದೆ.

ವಾಡಿಯ ಡಾಕ್ಟರ್ ಹೈದರಾಬಾದಿಗೆ ಒಯ್ಯಿರಿ ಎಂದರು. ರೈಲಿನಲ್ಲಿ ಅವನ ಕಾಲು ನನ್ನ ತೊಡೆಯ ಮೇಲಿತ್ತು. ಚಿತ್ತಾಪುರದಲ್ಲಿ, ಸೇಡಂನಲ್ಲಿ ಸ್ಟೇಷನ್ನಿನವರು ಕಿಟಕಿಗೆ ಬಂದರು. “ಏನ್ರಿ ಪ್ಲೇಯರ್ ಸಾಬ್, ಏನಾಯ್ತರಿ? ಚಿಂಚೋಳಿ ಕಡಿ ಸೀತಾಫಳ ಅವ, ತಗೋರಿ. ಜಲ್ದಿ ಆರಾಮಾಗಿ ಬರ್ರಿ.” ಹಣ್ಣನ್ನು ನನ್ನ ಕೈಗೆ ಕೊಟ್ಟು ಅವನ ಮುಖ ನೋಡುತ್ತಾ ಮಾತಾಡಿದರು. ಕಾಲು ಜೋಮು ಹಿಡಿದು ಕುಳಿತವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಬರೆಯಲು ನಾಚಿಕೆಯಾಗುತ್ತದೆ.

ಆಸ್ಪತ್ರೆಯಲ್ಲಿ ನಮ್ಮ ಕಡೆಯ ಮಾತು ಬಲ್ಲ ಡಾಕ್ಟರ್ ಮೊದಲು ಎಡ ಮೊಣಕಾಲಿನ ಮೇಲೆ, ಆಮೇಲೆ ಬಲದ ಮೇಲೆ ಕೈ ಇಟ್ಟರು.

ಹಿಂಗೈ.

“ಯಾವಾಗಿಂದ ಗರಂ ಅದ ಇದು?”

ತಮ್ಮ ಹೇಳಿದ: “ಬ್ಯಾಸಗ್ಯಾಗ ಗರಂ ಇದ್ದಿಲ್ಲರಿ ಡಾಕ್ಟರ್ ಸಾಬ್. ನಮ್ಮಣ್ಣ ಕೈ ಇಟ್ಟು ನೋಡ್ಯಾನ. ತಣ್ಣಗಿತ್ತು.”

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಎಕ್ಸ್‌ರೇ ಆಯಿತು. ಟಿ.ಬಿ. ಎಂದರು.

ಎದೆಯಲ್ಲಲ್ಲ, ಮೊಣಕಾಲಿನ ಕೀಲಿನಲ್ಲಿ. ಮೊದಲೇ ಬಂದಿದ್ದರೆ ಕೀಲು ಉಳಿಯುತ್ತಿತ್ತೇ ಎಂದು ಹೊರಗೆ ನಿಂತು ಕೇಳಿದೆ. “ಉಳೀತಿತ್ತೋ ಇಲ್ಲೋ ಹೇಳಾಕ ಬರಲ್ಲ. ಆದ್ರ ಆಡಬಾರದಿತ್ತು,” ಎಂದರು. ಆ ‘ಆದ್ರ’ ನನ್ನೊಳಗೆ ಇನ್ನೂ ಇದೆ.

ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ನಾನು ಗಣಿ ಬಿಟ್ಟು ವಾರ್ಡಿನಲ್ಲಿ ಉಳಿದೆ. ಮಂಚಕ್ಕೆ ಅವನು ಉದ್ದವಾಗಿದ್ದ, ಪಾದದ ಕೆಳಗೆ ಸ್ಟೂಲ್ ಇಟ್ಟೆ. ಬೆಡ್‌ಪ್ಯಾನ್ ಇಟ್ಟೆ, ತೆಗೆದೆ, ತೊಳೆದೆ. ಪ್ಲಾಸ್ಟರ್ ಒಳಗೆ ತುರಿಸಿದರೆ ಬಿದಿರು ಕಡ್ಡಿ ತೂರಿಸಿ ಕೆರೆದೆ. ಜೊತೆಗೆ ಆಡುವವರು ನೋಡಲು ಬಂದರೆ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರದವರು. ಇಡೀ ವಾರ್ಡು ಎದ್ದು ಕೂರುತ್ತಿತ್ತು. ಹೊಸ ನರ್ಸ್ ಒಬ್ಬರು ನನ್ನನ್ನು, “ನೀವು ಇವರ ಆಳೇನ್ರಿ?” ಎಂದರು.

ತಮ್ಮ ಮಂಚದಿಂದ ಕೂಗಿದ. “ಆಳಲ್ಲರಿ ಸಿಸ್ಟರ್, ನಮ್ಮಣ್ಣ. ನನಕಿಂತ ಮೊದಲ ರಿಂಗಿನಾಗ ಚೆಂಡ ಹಾಕ್ದಂವ ಅಂವ! ನಂದು ಬೋರ್ಡಿಗೂ ಮುಟ್ಟಿದ್ದಿಲ್ಲ.”

ಅದು ಅವನಿಗೆ ನೆನಪಿತ್ತು. ಇಷ್ಟು ವರ್ಷ ಅದು ನನಗೊಬ್ಬನಿಗೇ ನೆನಪಿದೆ ಎಂದುಕೊಂಡು ನಾನು ಉರಿದಿದ್ದೆ. ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಹೇಳಿಬಿಡಬೇಕು ಎಂದುಕೊಂಡು ಒಳಗೆ ಬಂದೆ. ಹೇಳಲಿಲ್ಲ. ಇನ್ನೂ ಏಳು ತಿಂಗಳು ಹೇಳಲಿಲ್ಲ.

ಕೊನೆಯ ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸಣಕಲಾಗಿತ್ತು. ರೋಗ ಸದ್ಯಕ್ಕೆ ತಣ್ಣಗಾಗಿದೆ, ಮೊಣಕಾಲು ಇನ್ನು ಮಡಚುವುದಿಲ್ಲ, ನಡೆಯಬಹುದು, ಆಟ ಇಲ್ಲ ಎಂದರು ಡಾಕ್ಟರ್. ವರ್ಷ ವರ್ಷ ಬಂದು ತೋರಿಸಬೇಕು. ಕಾಲು ಉಳಿದಿದೆ. ತಮ್ಮ ಉಳಿದಿದ್ದಾನೆ. ರೈಲ್ವೆಯವರು ವಾಡಿಯ ಬುಕಿಂಗ್ ಕಿಟಕಿಯಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ. ಅವ್ವ ಫೋಟೋಗಳನ್ನು ಜಗಲಿಯಿಂದ ತೆಗೆದಿಡಲು ಹೋದಾಗ ನಾನೇ ಬೇಡ ಎಂದೆ.

ನಾನು ನಿಜ ಹೇಳಿದ ಮೇಲೆ ಎರಡು ದಿನ ಅವನು ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಡ್ಯೂಟಿಗೆ ಹೊರಡುವಾಗ ಕಟ್ಟೆಯ ಮೇಲೆ ಕುಳಿತು ಮಡಚದ ಕಾಲನ್ನು ನನ್ನ ಕಡೆ ಚಾಚಿದ. “ಬೂಟ ಕಟ್ಟು,” ಎಂದ. ಅಣ್ಣಾ ಎನ್ನಲಿಲ್ಲ. ಕಟ್ಟಿದೆ. ಈಗ ಅಷ್ಟು ಸಾಕು.

ಹೇಳಿದ್ದೂ ಅದೇ ಕಟ್ಟೆಯ ಮೇಲೆ. ಆಸ್ಪತ್ರೆಯಿಂದ ಬಂದ ಮರುದಿನ ಸಂಜೆ ಅವನು ಪ್ಯಾಂಟು ಮೇಲೆ ಮಡಚಿ, “ಅಣ್ಣಾ, ಈಗ ನೋಡು. ಡಾಕ್ಟರ್ ಏನರೆ ಅನ್ಲಿ, ನನಗ ನಿನ್ನ ಕೈ ಹೇಳಬೇಕು,” ಎಂದ.

ಎಡಕ್ಕೆ ಇಟ್ಟೆ. ಬಲಕ್ಕೆ ಇಟ್ಟೆ. ಎರಡೂ ಒಂದೇ ಸಮ ತಣ್ಣಗಿದ್ದವು. ಕೈ ತೆಗೆಯಲಿಲ್ಲ.

“ತಣ್ಣಗದ. ಈ ಸಲ ಖರೇನೇ ತಣ್ಣಗದ. ಅವತ್ತು ಬೆಚ್ಚಗಿತ್ತು, ತಮ್ಮಾ. ನನ್ನ ಕೈಗಿ ತಿಳದಿತ್ತು. ನಿನ್ನ ಮ್ಯಾಲ ಹೊಟ್ಟಿಕಿಚ್ಚಾಗಿ ಸುಳ್ಳ ಹೇಳ್ದೆ. ತಪ್ಪಾಯ್ತು ನಂದು. ಭಾಳ ತಪ್ಪಾಯ್ತು.”