ನದಿ ನೋಡಲು ಬಂದ ಮೇಷ್ಟ್ರು

ಜಯನಗರದ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ಪ್ರಬಂಧ ತಿದ್ದುವಾಗ ಕನ್ನಡಕವನ್ನು ಹಣೆಗೇರಿಸಿ, "ಇದ್ರಲ್ಲಿ ನೀನೆಲ್ಲಿದ್ದೀಯಪ್ಪಾ?" ಎಂದು ಕೇಳುತ್ತಿದ್ದರು.

ಬಿಳೇಕಹಳ್ಳಿಯಲ್ಲಿ ನನ್ನ ಪಕ್ಕದ ಮನೆಯ ಗೆಳೆಯ 'ನಮ್ಮೂರು' ಪ್ರಬಂಧವನ್ನು ಗೈಡಿನಿಂದ ಹಾಗೇ ಇಳಿಸಿದ್ದ. ಅದರಲ್ಲಿ ಊರಂಚಿನಲ್ಲಿ ನದಿ ಹರಿಯುತ್ತಿತ್ತು.

ಭಾನುವಾರ ಮೇಷ್ಟ್ರು ಸೈಕಲ್ಲಿನಲ್ಲಿ ಅವನ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ.

"ನದಿ ತೋರ್ಸಪ್ಪಾ, ನೋಡ್ಬೇಕು."

ಅವನಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು. ನಕಲಿನ ವಿಷಯ ಅವರಿಗೆ ಗೊತ್ತಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಗೆಳೆಯ ಮೆಲ್ಲಗೆ, "ನದಿ ಇಲ್ಲ ಸಾರ್, ಕೆರೆ ಇದೆ" ಎಂದ.

"ಅದನ್ನೇ ತೋರ್ಸು."

ಕೆರೆ ಏರಿಯ ಮೇಲೆ ನಾವು ಮೂವರೂ ಕೂತೆವು. ಎಮ್ಮೆಯ ಬಾಲ ಹಿಡಿದು ಈಜು ಕಲಿತದ್ದನ್ನು ಗೆಳೆಯ ನಗುತ್ತಾ ಹೇಳಿದ. ಮೇಷ್ಟ್ರು ಪಂಚೆ ಕೊಡವಿಕೊಂಡು ಎದ್ದರು.

"ಇದ್ರಲ್ಲಿ ನೀನು ಸಿಕ್ದೆ ನೋಡು! ನಾಳೆ ಇದನ್ನೇ ಬರ್ಕೊಂಡು ಬಾ."