ಒಡೆದ ಕಂಠಕ್ಕೆ ಬಾಗಿಲ ಜೊತೆದನಿ

ಸದ್ದನ್ನೇ ಕಲೆಯಾಗಿ ಕಾಣುವ ನಮ್ಮ ಪುಟ್ಟ ಕ್ಷೇತ್ರದಲ್ಲಿ ಗಂಭೀರ ಮುಖಗಳಿಗೆ ಎಂದೂ ಬರವಿರಲಿಲ್ಲ, ಬರವಿದ್ದದ್ದು ನಗುವಿಗೆ. ಅದನ್ನು ನೀಗಿದವರು, ಈ ತಿಂಗಳು ಕಲಾಶಾಲೆಯ ಸೇವೆಯಿಂದ ನಿವೃತ್ತರಾಗುತ್ತಿರುವ, ಶಿಷ್ಯರೆಲ್ಲ ಪ್ರೀತಿಯಿಂದ 'ಸದ್ದಮ್ಮ' ಎಂದು ಕರೆಯುವ ನಮ್ಮ ಹಿರಿಯ ಅಧ್ಯಾಪಕಿ. ಬಲೂನು, ಬಕೆಟ್ಟು, ಕೆಟ್ಟ ಫ್ಯಾನುಗಳಿಂದ ಸಂಗೀತ ಕಚೇರಿ ನಡೆಸಿ, ಇದೆಂಥ ಹುಡುಗಾಟ ಎಂಬ ಮೂದಲಿಕೆ ಕೇಳಿದವರು ಅವರು. ಹುಡುಗಾಟವೇ ಹೌದು, ಆದರೆ ತಾಲೀಮು ಮಾಡಿದ ಹುಡುಗಾಟ ಎಂದು ಸಮಾಧಾನದಿಂದಲೇ ಉತ್ತರಿಸಿದವರು.

ಅವರಿಗೆ ಋಣಿಯಾದವರಲ್ಲಿ ಒಬ್ಬಳು, ಇಂದು ಅವರ ಧ್ವನಿ ವಿಭಾಗದಲ್ಲೇ ಪಾಠ ಹೇಳುತ್ತಿರುವ ಶಿಷ್ಯೆ. ಹಾಡುಗಾರ್ತಿಯಾಗಬೇಕಿದ್ದ ಅವಳ ಕಂಠ ಶಸ್ತ್ರಚಿಕಿತ್ಸೆಯ ನಂತರ ಒಡೆದುಹೋಗಿತ್ತು. ಕಂಡವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ತಾಯಿ ಅವಳೆದುರು ರೇಡಿಯೋ ಹಾಕುವುದನ್ನೂ ಬಿಟ್ಟಿದ್ದರು. ಧ್ವನಿಮುದ್ರಣ ಕಲಿಯಲು ಸೇರಿದವಳು ತರಗತಿಯಲ್ಲಿ ಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಸ್ಟುಡಿಯೋದ ಹಳೆಯ ಬಾಗಿಲು ಕಿರುಗುಟ್ಟಿದಾಗ, "ಸುಮ್ನಿರೇ" ಎಂದು ಬೇಸತ್ತ ಗೊಗ್ಗರು ದನಿ ಅವಳ ಬಾಯಿಂದ ಬಂದುಬಿಟ್ಟಿತು. ಬಾಗಿಲು ಮತ್ತೆ ಕಿರ್ರೆಂದಿತು. ಸದ್ದಮ್ಮನವರು ಕನಿಕರ ತೋರಲಿಲ್ಲ. ಕಿವಿ ನಿಮಿರಿಸಿ, ಬಾಗಿಲತ್ತ ಕೈತೋರಿ, "ಅವಳು ಎದುರುತ್ತರ ಕೊಟ್ಳು ನೋಡು. ನೀನು ಬಿಟ್ಬಿಡ್ತೀಯಾ?" ಎಂದರು.

ಹಾಗೆ ಹುಟ್ಟಿತು 'ಅತ್ತೆ-ಸೊಸೆ' ಎಂಬ ರಚನೆ. ಬಾಗಿಲು ಅತ್ತೆ, ಒಡೆದ ಕಂಠ ಸೊಸೆ. ಎಣ್ಣೆ ಡಬ್ಬಿ ಹಿಡಿದು ಬಂದ ಅಟೆಂಡರನನ್ನು, ಅತ್ತೆಯವರ ಗಂಟಲು ಕೆಡಿಸಬೇಡಪ್ಪ ಎಂದು ಸದ್ದಮ್ಮನವರು ಹಿಂದಕ್ಕೆ ಕಳಿಸಿದರು. ಎಲ್ಲಿ ತಡೆದರೆ ನಗು ಬರುತ್ತದೆ, ಎಲ್ಲಿ ಅವಸರಿಸಿದರೆ ಕೆಡುತ್ತದೆ ಎಂಬುದನ್ನು, ತಾಳ ಕಲಿಸುವಷ್ಟೇ ಶಿಸ್ತಿನಿಂದ ವಾರಗಟ್ಟಲೆ ಕಲಿಸಿದರು.

ಪ್ರದರ್ಶನದ ದಿನ ತಾಯಿ ಮುಂದಿನ ಸಾಲಿನಲ್ಲಿದ್ದರು. ಕಳಚಿ ತಂದು ವೇದಿಕೆಯಲ್ಲಿ ನಿಲ್ಲಿಸಿದ ಬಾಗಿಲ ಹಿಂದೆ, ಮಂಡಿನೋವನ್ನೂ ಲೆಕ್ಕಿಸದೆ ಸದ್ದಮ್ಮನವರು ಕುಕ್ಕರುಗಾಲಲ್ಲಿ ಕುಳಿತು ಹಿಡಿಕೆ ಎಳೆಯುತ್ತಿದ್ದರು. ಬಾಗಿಲು ಉದ್ದಕ್ಕೆ ರಾಗ ಎಳೆಯಿತು. ಶಿಷ್ಯೆ ಮೂತಿ ತಿರುವಿ ಗೊರಗೊರ ಎಂದಳು. ಮೊದಲು ನಕ್ಕವರು ತಾಯಿಯೇ. ಕೈ ಅಡ್ಡ ಹಿಡಿದರೂ ತಡೆಯದ ಆ ನಗು ಸಭೆಗೆಲ್ಲ ಹಬ್ಬಿತು. ಮನೆಗೆ ಹೋಗುವ ದಾರಿಯಲ್ಲಿ, "ಸೊಸೆ ದನಿ ಚೆನ್ನಾಗಿತ್ತು ಕಣೇ" ಎಂದರು. ಮಗಳ ದನಿಯ ಬಗ್ಗೆ ಅವರು ಮಾತೆತ್ತಿದ್ದು, ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಇನ್ನು ಗೊರಕೆಗಳ ವೃಂದಗಾನವೊಂದನ್ನು ರಚಿಸುವ ಸಂಕಲ್ಪ ಸದ್ದಮ್ಮನವರದು. ಮುಖ್ಯ ಗಾಯಕರಾಗಿ ಆಯ್ಕೆಯಾದ ಅವರ ಯಜಮಾನರು, ತಾವು ಗೊರಕೆ ಹೊಡೆಯುವುದೇ ಇಲ್ಲವೆಂದು ಇನ್ನೂ ವಾದಿಸುತ್ತಿದ್ದಾರೆ. ಈ ವ್ಯಾಜ್ಯ ದೀರ್ಘಕಾಲ ನಡೆಯಲಿ. ಅದನ್ನು ಧ್ವನಿಮುದ್ರಿಸಿಕೊಳ್ಳುವ ಆಯುಸ್ಸು, ಆರೋಗ್ಯ, ತುಂಟತನಗಳು ಸದ್ದಮ್ಮನವರಲ್ಲಿ ತುಂಬಿ ತುಳುಕಲಿ ಎಂಬುದು, ಅವರಿಂದ ನಗಲು ಕಲಿತ ನಮ್ಮೆಲ್ಲರ ಹಾರೈಕೆ.